ಪೆರಿಯ ಘಟ್ಟದ ಮಳೆಕಾಡಿನಲ್ಲಿ ಇರುವೆಗಳ ಸಂಸಾರ

ವಯನಾಡಿಗೆ ಬರುವ ನಮ್ಮ ಸಮಾಜದ ಬಂಧುಗಳು ಸಾಮಾನ್ಯವಾಗಿ ಎರಡು ಸ್ಥಳಗಳ ದರ್ಶನ ಮಾಡಿ ಮರಳುತ್ತಾರೆ. ಒಂದು ಕಲ್ಪೆಟ್ಟದ ಸಮೀಪ ಪುಳಿಯಾರ್‌ಮಲೆಯ ಶ್ರೀ ಅನಂತನಾಥ ಸ್ವಾಮಿ ಬಸದಿ, ಇನ್ನೊಂದು ಸುಲ್ತಾನ್ ಬತ್ತೇರಿಯ ಪುರಾತನ ಕಲ್ಲುಬಸದಿ. ಪುರಸೊತ್ತಿದ್ದವರು ಎಡಕ್ಕಲ್ ಗುಹೆಯನ್ನೂ ನೋಡುತ್ತಾರೆ. ಮಾನಂದವಾಡಿಯಿಂದ ಪಶ್ಚಿಮಕ್ಕೆ ತಿರುಗಿ ತಲಶ್ಶೇರಿಗೆ ಇಳಿಯುವ ಪೆರಿಯ ಘಟ್ಟದ ಕಡೆಗೆ ಹೋಗುವವರು ವಿರಳ. ವಯನಾಡಿನ ಮೆಣಸು, ಕಾಫಿ ಹಿಂದೆ ಕರಾವಳಿಗೆ ಇಳಿಯುತ್ತಿದ್ದ ದಾರಿಗಳಲ್ಲಿ ಅದೂ ಒಂದು. ಈಗ ಅಲ್ಲಿ ದೊಡ್ಡ ಪೇಟೆಯಿಲ್ಲ, ನೋಡಲು ಬಸದಿಯಿಲ್ಲ, ಇರುವುದು ಮಳೆಕಾಡು. ಕಳೆದ ಜನವರಿಯಲ್ಲಿ ನಾವು ಮೂರು ಮನೆಯವರು, ಮಕ್ಕಳೂ ಸೇರಿ ಹನ್ನೊಂದು ಮಂದಿ, ಆ ಕಾಡಿಗೆ ಹೋಗಿಬಂದೆವು. ಹೋದದ್ದು ಇರುವೆಗಳನ್ನು ನೋಡಲು.

ಇದನ್ನು ಕೇಳಿ ನಕ್ಕವರು ಬಹಳ ಮಂದಿ. "ಇರುವೆ ನೋಡಲು ಘಟ್ಟದವರೆಗೆ ಯಾಕೆ, ನಮ್ಮ ಅಂಗಡಿಯ ಬೆಲ್ಲದ ಮೂಟೆ ಎತ್ತಿದರೆ ಸಾಲದೇ?" ಎಂದರು ಬಂಧುಗಳೊಬ್ಬರು. ಆದರೆ ನಮಗೆ ಕಾರಣವಿತ್ತು. ನಮ್ಮ ಮೂರು ಮನೆಗಳಲ್ಲಿ ಒಂದು ಮನೆಯವರ ರೊಬಸ್ಟಾ ತೋಟ ಕಾಡಿನ ಅಂಚಿನಲ್ಲಿದೆ. ಪ್ರತಿವರ್ಷ ಕೊಯ್ಲಿನ ಸಮಯಕ್ಕೆ ಅಲ್ಲಿ ಒಂದೇ ಜಗಳ. ಗಿಡದಲ್ಲಿ ಕೆಂಪಿರುವೆ ಗೂಡು ಕಟ್ಟಿದ್ದರೆ ಕೊಯ್ಯುವ ಹೆಂಗಸರು ಆ ಗಿಡವನ್ನು ಮುಟ್ಟುವುದಿಲ್ಲ. ಮೇಸ್ತ್ರಿ ಬಂದು ಪುಡಿ ಕೇಳುತ್ತಾನೆ. ಪುಡಿ ಎಂದರೆ ಗಿಡದ ಬುಡಕ್ಕೂ ನೆರಳಿನ ಮರದ ಬುಡಕ್ಕೂ ಎರಚುವ ಕೀಟನಾಶಕ. ತೋಟದ ಯಜಮಾನರು ತರಿಸೋಣವೆನ್ನುತ್ತಾರೆ. ಮನೆಯ ದೊಡ್ಡಮ್ಮ ಬೇಡವೆನ್ನುತ್ತಾರೆ. ಈ ಸಲ ಜಗಳ ನಿರ್ಧಾರಕ್ಕೆ ಬರುವ ಮೊದಲು, ಪುಡಿಯೇ ಬೀಳದ ಕಾಡಿನಲ್ಲಿ ಇರುವೆ ಏನು ಮಾಡುತ್ತದೆಂದು ನೋಡಿಕೊಂಡು ಬರೋಣ ಎಂದು ಕಾಲೇಜಿನಲ್ಲಿ ಓದುವ ಮಗಳು ಸೂಚಿಸಿದಳು. ಪುಸ್ತಕಗಳನ್ನು ಓದಿ ಟಿಪ್ಪಣಿ ಮಾಡಿಕೊಂಡು ಬಂದವಳೂ ಅವಳೇ.

ಮುಂಜಾನೆ ಐದೂವರೆಗೆ ವ್ಯಾನಿನಲ್ಲಿ ಕಲ್ಪೆಟ್ಟ ಬಿಟ್ಟು, ಪನಮರಂ ದಾಟಿ, ಮಾನಂದವಾಡಿಯಲ್ಲಿ ಸೂರ್ಯೋದಯದ ನಂತರ ಇಡ್ಲಿ ತಿಂದೆವು. ತಲಪ್ಪುಳದ ಚಹಾ ತೋಟಗಳು ಮುಗಿದ ಮೇಲೆ ರಸ್ತೆಯ ಎರಡೂ ಬದಿ ನೆರಳು ದಟ್ಟವಾಗುತ್ತ ಬರುತ್ತದೆ. ಪೆರಿಯದಲ್ಲಿ ಕುರಿಚ್ಯ ಸಮುದಾಯದ ಹಿರಿಯರೊಬ್ಬರು ನಮ್ಮ ಜೊತೆಗೂಡಿದರು. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿದ್ದೆವು. ಹಿರಿಯರು ಮಾತನಾಡುವುದು ಮಲಯಾಳ, ಅದೂ ಕಡಿಮೆ.

ಸೊಲ್ಲಾಪುರ, ಜತ್ತ, ಆದವಾನಿ ಕಡೆಯ ಓದುಗರಿಗೆ ಮಳೆಕಾಡು ಎಂದರೆ ಏನೆಂದು ಒಂದೆರಡು ಮಾತು ಹೇಳಬೇಕು. ಒಳಗೆ ಹೋದೊಡನೆ ಮೊದಲು ತಿಳಿಯುವುದು ಕತ್ತಲೆ. ಮರಗಳು ಒಂದರ ಮೇಲೊಂದು ಮಹಡಿ ಹಾಕಿದಂತೆ ನಿಂತು, ಬೆಳಗಿನ ಒಂಬತ್ತು ಗಂಟೆಗೂ ನೆಲಕ್ಕೆ ಬಿಸಿಲು ಬೀಳದಂತೆ ಮಾಡುತ್ತವೆ. ನೆಲ ಒದ್ದೆ. ವರ್ಷವಿಡೀ ಎಲೆ ಉದುರುತ್ತದೆ, ಹಣ್ಣು ಬೀಳುತ್ತದೆ, ಹುಳು ಹಕ್ಕಿ ಸಾಯುತ್ತವೆ. ಆದರೂ ಎಲ್ಲಿಯೂ ಕೊಳೆತ ರಾಶಿಯಿಲ್ಲ. ಕಾಲಿಟ್ಟಲ್ಲಿ ನಾಲ್ಕು ಬೆರಳು ದಪ್ಪದ ತರಗೆಲೆ, ಅದರ ಕೆಳಗೆ ಕಪ್ಪು ಮಣ್ಣು, ಅಷ್ಟೇ. ಇದನ್ನೆಲ್ಲ ಗುಡಿಸುವವರು ಯಾರು ಎಂಬ ಪ್ರಶ್ನೆ ಅಲ್ಲಿ ತಾನಾಗಿ ಹುಟ್ಟುತ್ತದೆ.

ಉತ್ತರ ಕೊಟ್ಟದ್ದು ನಮ್ಮ ಚಿಕ್ಕ ಹುಡುಗನ ಕೈಯಿಂದ ಬಿದ್ದ ಬಿಸ್ಕತ್ತು. ಅದನ್ನು ಎತ್ತಲು ಬಗ್ಗಿದವನನ್ನು ಹಿರಿಯರು ತಡೆದು ನೋಡುವಂತೆ ಸನ್ನೆ ಮಾಡಿದರು. ಎರಡು ನಿಮಿಷ ಯಾರೂ ಬರಲಿಲ್ಲ. ಆಮೇಲೆ ಕಂದುಬಣ್ಣದ ಸಣ್ಣ ಇರುವೆಯೊಂದು ಬಂದು, ಮೀಸೆ ತಾಗಿಸಿ, ಬಂದ ದಾರಿಯಲ್ಲೇ ಮರಳಿತು. ಮುಂದೆ ಸಾಲು ಬಂತು. ನಾವು ಕಾಲುಗಂಟೆ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತಿದ್ದೆವು. ಅಷ್ಟರಲ್ಲಿ ಬಿಸ್ಕತ್ತಿನ ಒಂದು ಅಂಚು ಕರಗಿಹೋಗಿತ್ತು. ಉಳಿದದ್ದನ್ನು ಎತ್ತಿಕೊಂಡೆವು. ಮನೆಯಂಗಳದ ಇರುವೆಗೆ ಸಕ್ಕರೆ ಹಿಟ್ಟು ಹಾಕುವುದು ನಮ್ಮ ಮನೆಗಳ ರೂಢಿ. ಕಾಡಿನಲ್ಲಿ ಮಾತ್ರ ಆ ದಾನ ಬೇಕಿಲ್ಲ. ಅಲ್ಲಿ ಅವು ತಮ್ಮ ಕೆಲಸದಲ್ಲಿವೆ.

ಆ ಕೆಲಸ ಎಷ್ಟು ದೊಡ್ಡದು ಎಂಬುದನ್ನು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮಲೇಷ್ಯಾದ ಸಬಾ ಪ್ರಾಂತದ ಮಳೆಕಾಡಿನಲ್ಲಿ ಒಂದಷ್ಟು ಜಾಗದಿಂದ ಇರುವೆಗಳನ್ನು ಕಡಿಮೆ ಮಾಡಿ, ನೆಲದ ಮೇಲೆ ಬೀಜ, ಸಿಹಿ, ಸತ್ತ ಹುಳು ಇವನ್ನಿಟ್ಟು ಯಾರು ಎಷ್ಟು ಒಯ್ಯುತ್ತಾರೆಂದು ನೋಡಿದರು. 2018ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಒಟ್ಟು ಸಾಗಾಟದಲ್ಲಿ ಶೇಕಡಾ 52 ಇರುವೆಗಳದ್ದೇ. ಇರುವೆ ಇಲ್ಲದ ಜಾಗದಲ್ಲಿ ಇಲಿ, ಹಕ್ಕಿ, ಬೇರೆ ಹುಳುಗಳು ಆ ಪಾಲನ್ನು ತುಂಬಿಕೊಡಲಿಲ್ಲ. ಒಯ್ದದ್ದೆಲ್ಲ ಹೋಗುವುದು ಗೂಡಿಗೆ. ತಿಂದು ಉಳಿದ ಕಸ ಗೂಡಿನ ಹತ್ತಿರವೇ ಕೊಳೆತು ಗೊಬ್ಬರವಾಗುತ್ತದೆ. ಗೂಡಿಗಾಗಿ ತೋಡಿದ ಬಿಲಗಳಲ್ಲಿ ಮಳೆನೀರು ಇಳಿಯುತ್ತದೆ, ಕೆಳಗಿನ ಮಣ್ಣು ಮೇಲೆ ಬರುತ್ತದೆ. ನೇಗಿಲಿಲ್ಲದ ಉಳುಮೆ.

ಸಂಖ್ಯೆಯ ಮಾತು ವ್ಯಾಪಾರಿಗಳಾದ ನಮಗೆ ಬೇಗ ಹಿಡಿಸುತ್ತದೆ. ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟಿರುವ ಇರುವೆ ಜಾತಿಗಳು 14,000ಕ್ಕೂ ಹೆಚ್ಚು. ಭಾರತದಲ್ಲಿಯೇ 800ಕ್ಕೂ ಹೆಚ್ಚು. ಭೂಮಿಯ ಮೇಲಿನ ಒಟ್ಟು ಇರುವೆಗಳು ಸುಮಾರು 20,000 ಲಕ್ಷ ಕೋಟಿ ಎಂದು 2022ರ ಒಂದು ಅಂದಾಜು. ಅವೆಲ್ಲವನ್ನೂ ತಕ್ಕಡಿಗೆ ಹಾಕಿದರೆ ಕಾಡಿನ ಎಲ್ಲ ಹಕ್ಕಿ ಮತ್ತು ಸಸ್ತನಿಗಳ ತೂಕವನ್ನು ಮೀರುತ್ತದೆಯಂತೆ. ದಕ್ಷಿಣ ಅಮೆರಿಕದ ಪೆರು ದೇಶದ ಮಳೆಕಾಡಿನ ಒಂದೇ ಒಂದು ಮರದಲ್ಲಿ 43 ಜಾತಿಯ ಇರುವೆಗಳನ್ನು ಎಣಿಸಿ, ಇಡೀ ಬ್ರಿಟನ್ ದ್ವೀಪಗಳಲ್ಲಿರುವಷ್ಟು ಜಾತಿ ಇದೊಂದರಲ್ಲೇ ಇದೆ ಎಂದು ಎಡ್ವರ್ಡ್ ವಿಲ್ಸನ್ ಎಂಬ ಪ್ರಸಿದ್ಧ ವಿಜ್ಞಾನಿ 1987ರಲ್ಲಿ ಬರೆದರು.

ಇಲ್ಲೊಂದು ಗೊಂದಲ ಬಿಡಿಸಬೇಕು. ಗೆದ್ದಲು ಇರುವೆಯಲ್ಲ. ಮಾತಿನಲ್ಲಿ ನಾವು ಎರಡನ್ನೂ ಕೂಡಿಸುತ್ತೇವೆ, ಆದರೆ ಗೆದ್ದಲು ಜಿರಳೆಯ ನೆಂಟ, ಇರುವೆ ಕಣಜದ ನೆಂಟ. ಎರಡಕ್ಕೂ ಹಗೆತನ ಬೇರೆ. ದಾರಿಯಲ್ಲಿ ಒಂದು ಕಡೆ ಹೊಳೆಯುವ ಕಪ್ಪಿರುವೆಗಳ ಸಾಲು ಕಾಲುದಾರಿ ದಾಟುತ್ತಿತ್ತು. ಪ್ರತಿಯೊಂದರ ಬಾಯಲ್ಲೂ ಬೆಳ್ಳನೆಯ ಗೆದ್ದಲು. ಗೆದ್ದಲು ಮರವನ್ನು ಮಣ್ಣು ಮಾಡುತ್ತದೆ, ಕಪ್ಪಿರುವೆ ಗೆದ್ದಲನ್ನು ಹದ್ದಿನಲ್ಲಿಡುತ್ತದೆ. ಸಾಲು ಮುಗಿಯುವವರೆಗೆ ನಾವು ನಿಂತೆವು. ದಾಟಲು ನಮಗೂ ಮನಸ್ಸಾಗಲಿಲ್ಲ, ಹಿರಿಯರೂ ಬಿಡಲಿಲ್ಲ.

ಸ್ವಲ್ಪ ಇಳಿದಾಗ ಹಿರಿಯರು ಒಂದು ನಡುಎತ್ತರದ ಮರದ ಕೊಂಬೆಯನ್ನು ಬಗ್ಗಿಸಿ ತೋರಿಸಿದರು. ಕನ್ನಡದಲ್ಲಿ ಇದಕ್ಕೆ ಹಾಸಿಗೆ ಮರವೆಂಬ ಹೆಸರುಂಟು. ಶಾಸ್ತ್ರೀಯ ಹೆಸರು ಹಂಬೋಲ್ಟಿಯಾ ಬ್ರೂನೋನಿಸ್. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದಿಲ್ಲ. ಕೊಂಬೆಯ ಗಂಟುಗಳ ನಡುವಿನ ಭಾಗ ಅಲ್ಲಲ್ಲಿ ಉಬ್ಬಿಕೊಂಡಿದೆ. ಉಬ್ಬಿದ್ದು ಒಳಗೆ ಟೊಳ್ಳು. ಮೇಲೆ ಒಂದು ಸೀಳು. ಆ ಸೀಳನ್ನು ಇರುವೆ ಕೊರೆದದ್ದಲ್ಲ, ಮರವೇ ಬಾಗಿಲಿಟ್ಟು ಕೋಣೆ ಕಟ್ಟಿದೆ. ಬಾಡಿಗೆದಾರರು ಇರುವೆಗಳು. ಎಲೆಯ ಮೇಲಿನ ಗ್ರಂಥಿಗಳಿಂದ ಮರ ಸಿಹಿರಸವನ್ನೂ ಒಸರಿಸುತ್ತದೆ. ಅಂದರೆ ವಸತಿಯ ಜೊತೆ ಊಟವೂ ಉಂಟು. ಪ್ರತಿಯಾಗಿ ಇರುವೆಗಳು ಎಳೆಯ ಎಲೆಗಳ ಮೇಲೆ ಓಡಾಡಿ ಎಲೆ ತಿನ್ನುವ ಹುಳುಗಳನ್ನು ಓಡಿಸಬೇಕು.

ಓಡಿಸುತ್ತವೆಯೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಅವರ ತಂಡ ಈ ಮರದ ಹಿಂದೆ ಅನೇಕ ವರ್ಷ ಬಿದ್ದು ಇದನ್ನು ಪರೀಕ್ಷಿಸಿದೆ. ಅವರು ಕಂಡದ್ದು ಒಂದೊಂದು ಊರಿನಲ್ಲಿ ಒಂದೊಂದು ಲೆಕ್ಕ. ಕೆಲವು ಕಡೆ ಇರುವೆಗಳು ಮರವನ್ನು ಕಾಯುತ್ತವೆ. ಕೆಲವು ಕಡೆ ಕೋಣೆ ಹಿಡಿದುಕೊಂಡು ಸುಮ್ಮನೆ ಕುಳಿತಿರುತ್ತವೆ. ಇನ್ನು ಕೆಲವು ಕೋಣೆಗಳಲ್ಲಿ ಇರುವೆಯೇ ಇಲ್ಲ, ಮರ ಹತ್ತಿದ ಎರೆಹುಳು ಮಲಗಿರುತ್ತದೆ! ಮರದ ಮೇಲೆ ಎರೆಹುಳು ಎಂದರೆ ನಮ್ಮ ದೊಡ್ಡಮ್ಮ ನಂಬಲಿಲ್ಲ. ನಮಗೂ ಅಂದು ಅದು ಸಿಗಲಿಲ್ಲ. ಕಾವಲು ಮಾಡದ ಬಾಡಿಗೆದಾರನನ್ನು ಮರ ಯಾಕೆ ಇಟ್ಟುಕೊಳ್ಳುತ್ತದೆ? ಅದಕ್ಕೂ ಅದೇ ತಂಡ ಒಂದು ಕಾರಣ ಕಂಡುಕೊಂಡಿದೆ: ಒಳಗಿನವರು ಬಿಟ್ಟ ಕಸದಲ್ಲಿರುವ ಸಾರಜನಕವನ್ನು ಟೊಳ್ಳಿನ ಒಳಗೋಡೆ ಹೀರಿಕೊಳ್ಳುತ್ತದೆ. ಬಾಡಿಗೆ ಹಣದಲ್ಲಿ ಬರದಿದ್ದರೆ ಗೊಬ್ಬರದಲ್ಲಿ ಬರುತ್ತದೆ.

ಬೀಜದ ವ್ಯಾಪಾರ ಮಾಡುವವರಿಗೆ ಇನ್ನೊಂದು ವಿಷಯ. ಹರಳು ಬೀಜದ ತುದಿಯಲ್ಲಿರುವ ಮೆತ್ತನೆಯ ಗುಬ್ಬಿಯನ್ನು ಎಲ್ಲರೂ ಕಂಡಿರುತ್ತೀರಿ. ಅದು ಇರುವೆಗಾಗಿ ಇಟ್ಟ ತುತ್ತು. ಎಣ್ಣೆಯಂಶವಿರುವ ಆ ತುತ್ತಿನಾಸೆಗೆ ಇರುವೆ ಬೀಜವನ್ನು ಗೂಡಿಗೆ ಎಳೆದೊಯ್ದು, ಗುಬ್ಬಿಯನ್ನು ಮಾತ್ರ ತಿಂದು, ಬೀಜವನ್ನು ಕಸದ ಜೊತೆ ಎಸೆಯುತ್ತದೆ. ಬೀಜ ಅಲ್ಲೇ, ಗೊಬ್ಬರದ ಮೇಲೆ, ಮೊಳೆಯುತ್ತದೆ. ಹೀಗೆ ಇರುವೆಯ ಬೆನ್ನೇರಿ ಪ್ರಯಾಣ ಮಾಡುವ ಸಸ್ಯಗಳು ಜಗತ್ತಿನಲ್ಲಿ 11,000ಕ್ಕೂ ಹೆಚ್ಚು ಜಾತಿಯವು.

ಹತ್ತು ಗಂಟೆಯ ಸುಮಾರಿಗೆ, ಮರಗಳ ನಡುವೆ ಬಿಸಿಲು ಬಿದ್ದ ಒಂದು ಜಾಗದಲ್ಲಿ, ನಾವು ನಿರೀಕ್ಷಿಸದ ಒಂದು ಇರುವೆಯನ್ನು ಕಂಡೆವು. ಒಂದೂವರೆ ಸೆಂಟಿಮೀಟರ್ ಉದ್ದ, ಇಕ್ಕುಳದಂತೆ ಮುಂದೆ ಚಾಚಿದ ದವಡೆ, ಮುಖದ ಎರಡು ಬದಿಗೂ ದೊಡ್ಡ ಕಣ್ಣು. ಒಂಟಿಯಾಗಿತ್ತು. ಹುಡುಗರು ಹತ್ತಿರ ಹೋದಂತೆ ಅದು ತಲೆ ಹೊರಳಿಸಿ ಅವರನ್ನು ನೋಡಿತು, ಮತ್ತೆ ಪಟ್ಟನೆ ಹಾರಿ ಎಲೆಗಳಲ್ಲಿ ಮರೆಯಾಯಿತು. ಇರುವೆ ಹಾರುವುದೇ? ಹಾರುತ್ತದೆ, ಮಿಡತೆಯಂತೆ. ಇದೇ ಘಟ್ಟದ ಕೆಳಗಿನ ತಲಶ್ಶೇರಿಯಲ್ಲಿ ಸೇವೆ ಸಲ್ಲಿಸಿದ್ದ ವೈದ್ಯ ಥಾಮಸ್ ಜೆರ್ಡಾನ್ ಅವರು ದಕ್ಷಿಣ ಭಾರತದ ಇರುವೆಗಳ ಪಟ್ಟಿಯೊಂದನ್ನು 1851ರಲ್ಲಿ ಪ್ರಕಟಿಸಿದರು. ಈ ಇರುವೆಗೆ ಹಾರ್ಪೆಗ್ನಾಥಸ್ ಸಾಲ್ಟೇಟರ್ ಎಂದು ಹೆಸರಿಟ್ಟವರು ಅವರೇ. ಸಾಲ್ಟೇಟರ್ ಎಂದರೆ ಕುಣಿಯುವವನು. ನೂರೈವತ್ತು ವರ್ಷಗಳ ನಂತರ ಇದೇ ಇರುವೆ ಜಗತ್ತಿನ ಪ್ರಯೋಗಶಾಲೆಗಳನ್ನು ಸೇರಿತು. 2010ರಲ್ಲಿ ಮೊದಲ ಬಾರಿಗೆ ಪೂರ್ಣ ವಂಶವಾಹಿ ಓದಲ್ಪಟ್ಟ ಎರಡು ಇರುವೆಗಳಲ್ಲಿ ಇದು ಒಂದು. ಗೂಡಿನ ರಾಣಿ ಸತ್ತಾಗ ಕೆಲಸಗಾರ ಇರುವೆಗಳೇ ಮೀಸೆಗಳಿಂದ ಹೊಡೆದಾಡಿ, ಗೆದ್ದ ಕೆಲವು ಮೊಟ್ಟೆಯಿಡಲು ತೊಡಗುತ್ತವೆ. ಆಗ ಅವುಗಳ ಮಿದುಳು ಕುಗ್ಗುತ್ತದೆ, ಮರಳಿ ಕೆಲಸಕ್ಕೆ ಇಳಿಸಿದರೆ ಮತ್ತೆ ಬೆಳೆಯುತ್ತದೆ ಎಂದು 2021ರಲ್ಲಿ ತಿಳಿಯಿತು.

ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಇರುವೆ ಮೂರು ಇಂದ್ರಿಯಗಳ ಜೀವಕ್ಕೆ ಉದಾಹರಣೆ: ಸ್ಪರ್ಶ, ರಸ, ಘ್ರಾಣ. ಪಾಠಶಾಲೆಯಲ್ಲಿ ಮಕ್ಕಳೆಲ್ಲ ಇದನ್ನು ಬಾಯಿಪಾಠ ಮಾಡಿದವರು. ಬಿಸ್ಕತ್ತಿನ ಬಳಿ ಕಂಡ ಇರುವೆಗಳ ಬಾಳಂತೂ ವಾಸನೆಯ ಮೇಲೆಯೇ ನಿಂತದ್ದು. ಕಣ್ಣೇ ಇಲ್ಲದ ಇರುವೆಗಳೂ ಇವೆ. ಆದರೆ ಈ ಹಾರುವ ಇರುವೆ ಬೇಟೆಯನ್ನು ಕಣ್ಣಿನಿಂದ ಗುರಿಯಿಟ್ಟು ಹಿಡಿಯುತ್ತದೆ. ದೊಡ್ಡಮ್ಮ ಬಹಳ ಹೊತ್ತು ಆ ಎಲೆಗಳನ್ನೇ ನೋಡುತ್ತ, "ಅಷ್ಟು ದೊಡ್ಡ ಕಣ್ಣು! ಅದು ನನ್ನನ್ನೇ ನೋಡಿತಲ್ಲ" ಎಂದರು. ಯಾರೂ ಏನೂ ಹೇಳಲಿಲ್ಲ.

ಮರಳುವ ದಾರಿಯಲ್ಲಿ, ಕಾಡು ಮುಗಿದು ತೋಟ ತೊಡಗುವಲ್ಲಿ, ಮರವೊಂದರ ಕವಲಿನಲ್ಲಿ ಕಂದು ಬಣ್ಣದ ದೊಡ್ಡ ಗೂಡು ಕಾಣಿಸಿತು. ನಾರು ಅಗಿದು ರಟ್ಟಿನಂತೆ ಪದರ ಪದರವಾಗಿ ಕಟ್ಟಿದ್ದು. ಕಟ್ಟಿದ ಇರುವೆ ಚಿಕ್ಕದು, ಸಿಟ್ಟು ಬಂದರೆ ಹೊಟ್ಟೆಯನ್ನು ಬೆನ್ನ ಮೇಲಕ್ಕೆ ಎತ್ತುತ್ತದೆ. ಈ ಗೂಡಿನ ನಡುವೆ ಒಂದು ದುಂಡನೆಯ ರಂಧ್ರ. ಅದು ಕಂದು ಮರಕುಟಿಗ ಹಕ್ಕಿಯ ಮನೆ! ಇರುವೆ ತಿಂದು ಬದುಕುವ ಈ ಹಕ್ಕಿ, ಇರುವೆಗಳು ತುಂಬಿರುವ ಗೂಡನ್ನೇ ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಇರುವೆಗಳು ಮರಿಗಳಿಗೆ ಏನೂ ಮಾಡುವುದಿಲ್ಲ. ಯಾಕೆಂದು ಕೇಳಿದ್ದಕ್ಕೆ ಹಿರಿಯರು ನಕ್ಕು, "ಅದು ಅವರವರ ಏರ್ಪಾಡು" ಎಂಬರ್ಥದ ಮಾತು ಹೇಳಿದರು. ಈ ಗೂಡೊಂದನ್ನು ಸುಟ್ಟರೆ ಹೋಗುವುದು ಇರುವೆ ಮಾತ್ರವಲ್ಲ ಎಂದು ಮಗಳು ತಂದೆಗೆ ಕೇಳುವಂತೆ ಹೇಳಿದಳು.

ಇನ್ನು ನಮ್ಮ ಜಗಳದ ಕೆಂಪಿರುವೆ. ಮಲೆನಾಡಿನವರು ಇದನ್ನು ಚಗಳಿ ಎನ್ನುತ್ತಾರೆ, ಮಲಯಾಳದಲ್ಲಿ ಪುಳಿಯುರುಂಬು. ಪುಳಿ ಎಂದರೆ ನಮ್ಮ ಹುಳಿಯೇ. ಕಚ್ಚಿದ ಜಾಗಕ್ಕೆ ಆಮ್ಲ ಚಿಮ್ಮಿಸುವುದರಿಂದ ಆ ಹೆಸರು. ಹಸಿ ಎಲೆಗಳನ್ನು ಸಾಲುಸಾಲಾಗಿ ನಿಂತು ಎಳೆದು ಕೂಡಿಸಿ, ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವು ಬಿಡುವ ರೇಷ್ಮೆಯಿಂದ ಎಲೆ ಹೊಲಿಯುತ್ತವೆ. ಹೊಲಿಗೆಯಂತ್ರದ ಲಾಳಿಯಂತೆ ಮರಿ ಅತ್ತಿಂದಿತ್ತ ಓಡಾಡುವುದನ್ನು ಮಕ್ಕಳು ಮೈಮರೆತು ನೋಡಿದರು. ಇದು ಮರದ ಮೇಲಿನ ಬೇಟೆಗಾರ. ಒಂದು ಬಳಗ ಹಲವು ಮರಗಳನ್ನು ಹಿಡಿದು, ಎಲೆ ತಿನ್ನುವ, ರಸ ಹೀರುವ ಹುಳುಗಳನ್ನು ಹೊತ್ತೊಯ್ಯುತ್ತದೆ. ಚೀನಾದಲ್ಲಿ ಕ್ರಿ.ಶ. 304ರಷ್ಟು ಹಿಂದೆಯೇ ಕಿತ್ತಳೆ ಜಾತಿಯ ಹಣ್ಣಿನ ತೋಟಗಳಿಗಾಗಿ ಈ ಇರುವೆಯ ಗೂಡುಗಳನ್ನು ಪೇಟೆಯಲ್ಲಿ ಮಾರುತ್ತಿದ್ದರು ಎಂದು ಜಿ ಹಾನ್ ಎಂಬವರ ಹೆಸರಿನಲ್ಲಿರುವ ಗ್ರಂಥ ಹೇಳುತ್ತದೆ. ಇರುವೆಯೇ ಸರಕಾದ ವ್ಯಾಪಾರ!

ಕಾಸರಗೋಡಿನ ಓದುಗರು ಇದನ್ನು ಗಮನವಿಟ್ಟು ಓದಬೇಕು. ಗೇರು ಮರದ ಚಿಗುರನ್ನು ಒಣಗಿಸುವ ಟೀ ಸೊಳ್ಳೆ ಎಂಬ ತಿಗಣೆಯನ್ನು ಹಿಡಿಯುವುದರಲ್ಲಿ ಈ ಕೆಂಪಿರುವೆ ನಿಪುಣ. ಉತ್ತರ ಆಸ್ಟ್ರೇಲಿಯಾದಲ್ಲಿ ಇದನ್ನು, ಪಶ್ಚಿಮ ಆಫ್ರಿಕಾದಲ್ಲಿ ಇದರ ಹತ್ತಿರದ ನೆಂಟ ಇರುವೆಯನ್ನು ಗೇರು ತೋಟಗಳಲ್ಲಿ ಕಾವಲಿಗೆ ಬಳಸಿ ಫಲ ಕಂಡಿದ್ದಾರೆ. ಕಾಸರಗೋಡಿನ ಗೇರು ಗುಡ್ಡಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಇದೇ ಟೀ ಸೊಳ್ಳೆಯನ್ನು ಕೊಲ್ಲಲು. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು 2011ರಲ್ಲಿ. ಅಷ್ಟರಲ್ಲಿ ಆ ಊರುಗಳ ಮಕ್ಕಳಿಗೆ ಏನಾಯಿತೆಂದು ನಾವು ಬರೆಯಬೇಕಾಗಿಲ್ಲ. ಮೇಲಿನಿಂದ ಸುರಿದ ಆ ವಿಷಕ್ಕೆ ತಿಗಣೆ ಯಾವುದು, ಅದನ್ನು ಹಿಡಿಯುವ ಇರುವೆ ಯಾವುದು ಎಂಬ ಭೇದವಿರಲಿಲ್ಲ.

ಇಷ್ಟು ಕೇಳಿದ ಮೇಲೆ ದೊಡ್ಡಮ್ಮನ ಪಕ್ಷವೇ ಗೆದ್ದಿತೆಂದು ಓದುಗರು ಭಾವಿಸಬಹುದು. ಹಾಗಾಗಲಿಲ್ಲ. ತೋಟದ ಯಜಮಾನರ ಮಾತಿನಲ್ಲೂ ಹುರುಳಿದೆ. ಕಾಫಿ ಗಿಡದ ರಸ ಹೀರುವ ಹಿಟ್ಟು ತಿಗಣೆ ಮತ್ತು ಎಲೆಗೆ ಅಂಟಿಕೊಂಡಿರುವ ಹಸಿರು ಶಲ್ಕ ಕೀಟ ಸಿಹಿಯಾದ ಅಂಟನ್ನು ಹೊರಬಿಡುತ್ತವೆ. ಇರುವೆ ಆ ಸಿಹಿಗಾಗಿ ಅವುಗಳನ್ನು ದನ ಸಾಕಿದಂತೆ ಸಾಕುತ್ತದೆ, ಅವುಗಳನ್ನು ತಿನ್ನಬರುವ ಗುಲಗಂಜಿ ಹುಳುವನ್ನು ಓಡಿಸುತ್ತದೆ. ಸಿಹಿಯ ಮೇಲೆ ಕಪ್ಪು ಮಸಿಯಂಥ ಬೂಷ್ಟು ಬೆಳೆದು ಎಲೆ ಸೊರಗುತ್ತದೆ. ಕಾಡಿನಲ್ಲಿ ಎಲೆಯನ್ನು ಕಾಯುವ ಅದೇ ಇರುವೆ ತೋಟದಲ್ಲಿ ಎಲೆ ತಿನ್ನುವವರ ಗೋವಳ.

ಇದು ಮಿತಿ ಮೀರಿದರೆ ಕಾಡೂ ಉಳಿಯುವುದಿಲ್ಲ. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪಕ್ಕೆ ಹಡಗುಗಳ ಜೊತೆ ಉದ್ದ ಕಾಲಿನ ಹಳದಿ ಇರುವೆ ಹೋಗಿ ಸೇರಿತು. ಅಲ್ಲಿನ ಮರಗಳ ಶಲ್ಕ ಕೀಟಗಳ ಸಿಹಿ ಕುಡಿದು ಲೆಕ್ಕವಿಲ್ಲದಷ್ಟು ಬೆಳೆದು, ನೆಲದ ತರಗೆಲೆ ತಿನ್ನುತ್ತಿದ್ದ ಕೆಂಪು ಏಡಿಗಳನ್ನು ಲಕ್ಷಗಟ್ಟಲೆ ಕೊಂದಿತು. ಏಡಿ ಹೋದ ಕಡೆ ಕಾಡಿನ ನೆಲವೇ ಬದಲಾಯಿತು, ಮೇಲಿನ ಮರಗಳು ಮಸಿ ಹಿಡಿದು ಒಣಗಿದವು. ವರ್ಷಗಟ್ಟಲೆ ವಿಷದ ಆಮಿಷ ಹಾಕಿ ನೋಡಿ, ಕೊನೆಗೆ 2016ರ ಡಿಸೆಂಬರಿನಲ್ಲಿ ಆ ಶಲ್ಕ ಕೀಟವನ್ನು ನಾಶಮಾಡುವ ಒಂದು ಅತಿ ಸಣ್ಣ ಕಣಜವನ್ನು ಮಲೇಷ್ಯಾದಿಂದ ತಂದು ಬಿಟ್ಟರು. 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಸಮೀಪ ಕರಂದಮಲೆಯ ಸುತ್ತಲಿನ ಹಳ್ಳಿಗರನ್ನೂ ಅವರ ದನಕರುಗಳನ್ನೂ ಕಾಡಿದ್ದು ಇದೇ ಹಳದಿ ಇರುವೆ. ಪೆರಿಯದ ಕಾಡಿನಲ್ಲಿ ಹೀಗಾಗದಿರುವುದಕ್ಕೆ ಕಾರಣ, ಅಲ್ಲಿ ಒಂದು ಇರುವೆಗೆ ಅಡ್ಡ ನಿಲ್ಲಲು ಇನ್ನೊಂದು ಇರುವೆ ಇದೆ, ಮರಕುಟಿಗ ಇದೆ, ಚಿಪ್ಪುಹಂದಿ ಇದೆ ಎಂಬುದೇ ನಮ್ಮ ತಿಳಿವಳಿಕೆ.

ತೋಟದ ಲೆಕ್ಕ ಇನ್ನೂ ಒಂದಿದೆ. ಕಾಫಿಯ ಕಾಯಿ ಕೊರಕ ಭಾ­ರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನಮ್ಮ ನೆರೆಯ ಗುಡಲೂರಿನಲ್ಲಿ. ಆ ಹುಳು ವಯನಾಡಿನ ತೋಟಗಳಿಗೂ ಬಂದು ಎಷ್ಟು ನಷ್ಟ ಮಾಡಿತೆಂಬುದು ಕಾಫಿ ವ್ಯಾಪಾರದವರೆಲ್ಲ ಬಲ್ಲರು. ಮೆಕ್ಸಿಕೋ ದೇಶದ ಚಿಯಾಪಾಸ್‌ನ ನೆರಳಿನ ಕಾಫಿ ತೋಟಗಳಲ್ಲಿ ವಾಂಡರ್‌ಮೀರ್ ಮತ್ತು ಪರ್ಫೆಕ್ಟೋ ಎಂಬ ವಿಜ್ಞಾನಿ ದಂಪತಿ ಕಂಡಂತೆ, ಹಸಿರು ಶಲ್ಕ ಕೀಟವನ್ನು ಸಾಕುವ ಅಲ್ಲಿನ ಅಜ್ಟೆಕಾ ಇರುವೆಯೇ ಕಾಯಿ ಕೊರಕವನ್ನು ಗಿಡದಿಂದ ಓಡಿಸುತ್ತದೆ. ಒಂದು ಕೈಯಿಂದ ನಷ್ಟ, ಇನ್ನೊಂದು ಕೈಯಿಂದ ಲಾಭ. ಜಮಾಖರ್ಚನ್ನು ಒಂದೇ ಪುಟ ನೋಡಿ ಮುಚ್ಚಲಾಗುವುದಿಲ್ಲ.

ಬುತ್ತಿ ಬಿಚ್ಚಿ ಕುಳಿತಾಗ ಮಾತು ಬೇರೆಡೆಗೆ ಹೊರಳಿತು. ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಪೂರ್ತಿ ತಪ್ಪದು, ಬೇಸಾಯ ಮಾಡುವವನು ಪುಡಿ ಎರಚಿದರೆ ಅದು ಆ ಲೆಕ್ಕಕ್ಕೇ ಸೇರುತ್ತದೆ ಎಂದರು ಯಜಮಾನರು. "ಇರುವೆ ಸಾಯಲಿ ಎಂದೇ ಎರಚುವ ಪುಡಿ ಮಗಾ ಅದು. ಸಂಕಲ್ಪ ಮಾಡಿ ಕೊಲ್ಲುವುದಕ್ಕೆ ಉದ್ಯೋಗದ ಹೆಸರು ಹೇಗೆ ಇಡುತ್ತೀ?" ಎಂದರು ದೊಡ್ಡಮ್ಮ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಯಜಮಾನರು ಹೇಳಿದ ಮಾತು ನಮ್ಮನ್ನು ಈಗಲೂ ಬಿಟ್ಟಿಲ್ಲ: "ಆಯಿತು ದೊಡ್ಡಮ್ಮ. ದಯೆ ನಮ್ಮದು, ಕಚ್ಚಿಸಿಕೊಳ್ಳುವವರು ಪಣಿಯರ ಹೆಂಗಸರು. ಅವರ ಕೈ ನೋಡಿದ್ದೀರಾ?" ದೊಡ್ಡಮ್ಮ ನೋಡಿದ್ದರು. ಕಾಯಿ ಕೊಯ್ಯುವವರ ಮೊಣಕೈವರೆಗೆ ಕೆಂಪು ದದ್ದು, ಕಣ್ಣಿನ ರೆಪ್ಪೆಯ ಮೇಲೂ ದದ್ದು. ದಿನಗೂಲಿಗೆ ಅದನ್ನೂ ಸೇರಿಸಿ ನಾವು ಕೊಡುವುದಿಲ್ಲ. ಪುಡಿ ಎರಚುವ ಕೈಯೂ ಅವರದೇ, ಉಸಿರೂ ಅವರದೇ ಎಂದು ಮಗಳು ಸೇರಿಸಿದಳು.

ಅಂದು ಆದ ತೀರ್ಮಾನ ಇಷ್ಟು. ಕಾಡಿಗೆ ತಾಗಿದ ಎರಡು ಎಕರೆಯಲ್ಲಿ ಪುಡಿ ಇಲ್ಲ. ಚಗಳಿ ಗೂಡಿರುವ ಗಿಡಗಳಿಗೆ ಬಟ್ಟೆ ಕಟ್ಟಿ ಗುರುತು ಮಾಡಿ, ಅವನ್ನು ಚಳಿ ಇರುವ ಬೆಳಗಿನ ಹೊತ್ತು, ಇರುವೆ ಚುರುಕಾಗುವ ಮೊದಲು, ಕೊಯ್ಯುವುದು. ಆ ಗಿಡಗಳಿಗೆ ಕೂಲಿ ಬೇರೆ, ಹೆಚ್ಚು. ಕೈಮುಚ್ಚುವ ಅಂಗಿ ತೋಟದ ಖರ್ಚು. ಗಿಡದಿಂದ ಗಿಡಕ್ಕೆ, ನೆಲದಿಂದ ಗಿಡಕ್ಕೆ ತಾಗುವ ರೆಕ್ಕೆಗಳನ್ನು ಸವರಿ ಇರುವೆಯ ಸೇತುವೆ ತಪ್ಪಿಸುವುದು. ಹಿಟ್ಟು ತಿಗಣೆ ಏರಿದರೆ ಗುಲಗಂಜಿ ಹುಳು ತಂದು ಬಿಡೋಣವೇ ಎಂಬ ಪ್ರಶ್ನೆಗೆ ಮಾತ್ರ ಒಮ್ಮತ ಬರಲಿಲ್ಲ. ತಿನ್ನಿಸಲೆಂದು ತಂದು ಬಿಡುವುದೂ ಕೊಲ್ಲಿಸಿದಂತೆಯೇ ಎಂಬುದು ದೊಡ್ಡಮ್ಮನ ಪಟ್ಟು. ಉಳಿದ ತೋಟದ ವಿಚಾರ ಮುಂದಿನ ಕೊಯ್ಲಿನ ಲೆಕ್ಕ ನೋಡಿ.

ಹೋಗಬಯಸುವವರಿಗೆ ಕೆಲವು ಸೂಚನೆಗಳು. ಮಾನಂದವಾಡಿಯಿಂದ ಪೆರಿಯಕ್ಕೆ ಬಸ್ಸಿದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಉಂಬಳಗಳ ಕಾಟ, ಘಟ್ಟದ ರಸ್ತೆ ಮುಚ್ಚುವುದೂ ಉಂಟು, ವಿಚಾರಿಸದೆ ಹೊರಡಬೇಡಿ. ಕಾಡಿನೊಳಗೆ ಅನುಮತಿಯಿಲ್ಲದೆ, ಸ್ಥಳೀಯರ ಜೊತೆಯಿಲ್ಲದೆ ಕಾಲಿಡಬಾರದು, ಆನೆಗಳಿವೆ. ಜರ್ಮನಿಯಿಂದ ಬಂದು ನೆಲೆಸಿದ ವೋಲ್ಫ್‌ಗ್ಯಾಂಗ್ ಥೋಯರ್‌ಕಾಫ್ ಅವರು 1981ರಲ್ಲಿ ಕಟ್ಟಿದ ಗುರುಕುಲ ಸಸ್ಯೋದ್ಯಾನವೂ ಪೆರಿಯದಲ್ಲೇ ಇದೆ. ಮೊದಲೇ ಬರೆದು ಒಪ್ಪಿಗೆ ಪಡೆದರೆ ಮಾತ್ರ ಹೋಗಿ. ಅಲ್ಲಿ ಶುದ್ಧ ಸಸ್ಯಾಹಾರದ ಹೋಟೆಲು ನಮಗೆ ಕಾಣಲಿಲ್ಲ, ಬುತ್ತಿ ಕಟ್ಟಿಕೊಳ್ಳುವುದೇ ಲೇಸು. ಮಧ್ಯಾಹ್ನ ಮೂರಕ್ಕೆ ಹೊರಟರೆ ಸೂರ್ಯಾಸ್ತದೊಳಗೆ ಕಲ್ಪೆಟ್ಟದಲ್ಲಿ ಊಟ ಮುಗಿಸಬಹುದು. ಬುತ್ತಿಯ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ನಮ್ಮ ಚೀಲದಲ್ಲಿ ಸೇರಿಕೊಂಡಿದ್ದ ಐದಾರು ಇರುವೆಗಳನ್ನು ದೊಡ್ಡಮ್ಮ ವ್ಯಾನು ನಿಲ್ಲಿಸಿ, ಎಲೆಯೊಂದರ ಮೇಲೆ ಹತ್ತಿಸಿ, ರಸ್ತೆ ಬದಿಯ ಮರದ ಬುಡದಲ್ಲಿ ಇಳಿಸಿಬಂದರು.